ಅವಸರದ ಬೇಸಾಯವೂ ಅಣಿಯಾದ ಬೇಸಾಯವೂ

ಮುಂಗಾರಿನ ಹದಮಳೆ ಬಿದ್ದ ಮಾರನೆಯ ದಿನ ನಮ್ಮ ಗ್ರಾಮಗಳಲ್ಲಿ ಕಾಣಬರುವ ನೋಟವನ್ನು ಈ ಪತ್ರಿಕೆಯ ವಾಚಕರಿಗೆ ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಕುಲುಮೆಯ ಮುಂದೆ ಗುಳ ತಟ್ಟಿಸಿಕೊಳ್ಳುವವರ ಗುಂಪು. ಬಡಗಿಯ ಮನೆಯ ಮುಂದೆ ಕೂರಿಗೆಯ ಕಾಲು ಮುರಿದುಕೊಂಡು ಬಂದವರ ಗುಂಪು. ಟ್ರ್ಯಾಕ್ಟರ್ ರಿಪೇರಿಯ ಅಂಗಡಿಯ ಮುಂದೆ ಇನ್ನೊಂದು ಗುಂಪು. ಬೀಜ ಗೊಬ್ಬರಗಳ ಮಳಿಗೆಯ ಮುಂದೆ ಇವೆಲ್ಲಕ್ಕಿಂತಲೂ ದೊಡ್ಡದು. ಪ್ರತಿಯೊಬ್ಬರ ಕೆಲಸವೂ ಅಂದೇ ಆಗಬೇಕು. ಭೂಮಿಯ ಹದವಾದರೋ ಯಾರಿಗೂ ಕಾಯುವುದಿಲ್ಲ. ಮರಳುಮಿಶ್ರಿತವಾದ ನಮ್ಮ ಕೆಂಪು ಭೂಮಿಗಳಲ್ಲಿ ಒಂದು ಒಳ್ಳೆಯ ಮಳೆಯ ಹದವು ಬಿಸಿಲು ಗಾಳಿಗಳಿಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಆರಿಹೋಗುವುದು. ಆ ಕೆಲವು ದಿನಗಳಲ್ಲಿ ಎರಡನ್ನು ಕುಲುಮೆಯ ಮುಂದೆ ಕಳೆದವನಿಗೆ ಬಿತ್ತನೆಗೆ ಉಳಿಯುವುದೆಷ್ಟು?

ಮಳೆ ಎಂದು ಬರುವುದೆಂಬುದು ಮನುಷ್ಯಮಾತ್ರದವರಿಗೆ ಖಚಿತವಾಗಿ ತಿಳಿಯದು, ನಿಜ. ಆದರೆ ಮಳೆ ಬಂದಾಗ ಗುಳ ಬೇಕು, ಬೀಜ ಬೇಕು, ಮಿಣಿ ಬೇಕು ಎಂಬುದು ವರ್ಷದ ಮುನ್ನೂರ ಅರವತ್ತೈದು ದಿನವೂ ತಿಳಿದಿರುವ ಸಂಗತಿ. ಹೀಗಿರಲಾಗಿ, ಬಿತ್ತನೆಯ ವಾರದ ಅವಸರವನ್ನು ಮಳೆಯ ಮೇಲೆ ಹೊರಿಸುವುದು ಸರಿಯಲ್ಲ. ಅದರ ಬಹುಭಾಗವು ಮಾಘ ಮಾಸದಿಂದ ವೈಶಾಖದವರೆಗಿನ ಬಿಡುವಿನ ದಿನಗಳಲ್ಲಿ ನಾವೇ ಕೂಡಿಹಾಕಿದ್ದು.

ಈ ಅಭ್ಯಾಸವು ಏಕೆ ಬಿಡದೆ ನಡೆದುಬಂದಿದೆ? ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ರೈತಾಪಿ ಜನರನ್ನು ಬಲ್ಲವರು ಹಾಗೆ ಹೇಳಲಾರರು. ನನಗೆ ತೋರುವ ಕಾರಣ ಬೇರೆ. ಯಜಮಾನನು ಯಾವುದನ್ನು ಮೆಚ್ಚುವನೋ ಅವನ ಮನೆಮಂದಿಯೂ ಆಳುಗಳೂ ಅದನ್ನೇ ಮಾಡುವರು. ಬಿತ್ತನೆಯ ಹಿಂದಿನ ರಾತ್ರಿಯೆಲ್ಲ ಎದ್ದಿದ್ದು ಮುರಿದ ಕೂರಿಗೆಯನ್ನು ಸರಿಮಾಡಿಕೊಟ್ಟವನಿಗೆ ಊರೆಲ್ಲ ಹೊಗಳಿಕೆ. ಹಬ್ಬಕ್ಕೆ ಹೊಸ ಪಂಚೆ. ಚೈತ್ರದಲ್ಲಿಯೇ ಕೂರಿಗೆಯನ್ನು ಅಟ್ಟದಿಂದ ಇಳಿಸಿ, ಹುಳು ಹಿಡಿದ ಕಾಲನ್ನು ಬದಲಾಯಿಸಿ, ಎಣ್ಣೆ ಸವರಿ ಮತ್ತೆ ಮೇಲಿಟ್ಟವನ ಹೆಸರನ್ನು ಯಾರೂ ಎತ್ತುವುದಿಲ್ಲ. ಏಕೆಂದರೆ ಅವನ ಕೂರಿಗೆ ಮುರಿಯಲೇ ಇಲ್ಲ. ಓಡಾಟವು ಕಣ್ಣಿಗೆ ಬೀಳುವುದು, ಮುನ್ನೇರ್ಪಾಡು ಕಣ್ಣಿಗೆ ಬೀಳದು. ವರ್ಷ ವರ್ಷವೂ ಹೀಗೆಯೇ ನಡೆದರೆ, ಗಾಬರಿಯಲ್ಲಿ ಓಡಾಡುವುದೇ ನಿಷ್ಠೆಯ ಗುರುತೆಂದು ಮನೆಯ ಮಕ್ಕಳೂ ಕಲಿತುಕೊಳ್ಳುವರು.

ಸರ್ಕೀಟಿನಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಒಬ್ಬ ಭೂಮಾಲೀಕರ ಹೊಲದಲ್ಲಿ ಹೆಚ್ಚಾದ ಮಳೆನೀರು ಹೊರಬೀಳುವ ಕಡೆ ಬದುವಿನ ಕಲ್ಲುಗಳು ಸಡಿಲವಾಗಿದ್ದುವು. ಅವರ ಆಳು ಶಿವರಾತ್ರಿಯ ಸುಮಾರಿನಲ್ಲಿಯೇ ಇದನ್ನು ಕಂಡು ತಿಳಿಸಿದನು. “ಆಗಲಿ, ನೋಡೋಣ” ಎಂದರು ಯಜಮಾನರು. ಯುಗಾದಿ ಕಳೆಯಿತು, ಮದುವೆಗಳ ಕಾಲ ಕಳೆಯಿತು, ನೋಡಲಿಲ್ಲ. ಆರಿದ್ರೆಯ ಒಂದು ಬಿರುಮಳೆಗೆ ಬದು ಒಡೆದು, ಬಿತ್ತಿದ ಬೀಜವೂ ಹರಡಿದ ಗೊಬ್ಬರವೂ ಮೇಲ್ಮಣ್ಣಿನೊಡನೆ ಹಳ್ಳಕ್ಕೆ ಹೋದುವು. ಇಬ್ಬರು ಒಂದು ಹೊತ್ತಿನಲ್ಲಿ ಮುಗಿಸಬಹುದಾಗಿದ್ದ ಕೆಲಸಕ್ಕೆ ಎಂಟು ಜನ ಎರಡು ದಿನ ಕೆಸರಿನಲ್ಲಿ ದುಡಿಯಬೇಕಾಯಿತು. ಮರುವರ್ಷ ಬೇಸಗೆಯಲ್ಲಿ ನಾನು ಅದೇ ಹೊಲದ ಬದುಗಳನ್ನು ನೋಡುತ್ತ, ಎಲ್ಲಿಯಾದರೂ ದುರಸ್ತಿ ಬೇಕೇ ಎಂದು ಆ ಆಳನ್ನು ಕೇಳಿದೆ. ಅವನು ಯಜಮಾನರ ಕಡೆಗೆ ತಿರುಗಿ, “ಹೇಳಿ ಏನು ಬಂತು, ಯಜಮಾನ್ರೆ? ಒಡೆದ ಮೇಲೆ ನೀವೇ ಕೂಗ್ತೀರಲ್ಲ” ಎಂದನು. ಒಡೆದ ಬದುವನ್ನು ಮತ್ತೆ ಕಟ್ಟಬಹುದು. ಮುಂಚಿತವಾಗಿ ಹೇಳುವವನ ಬಾಯಿ ಒಮ್ಮೆ ಮುಚ್ಚಿತೆಂದರೆ ಅದನ್ನು ತೆರೆಯಿಸುವುದು ಕಷ್ಟ. ನೂರು ಎಕರೆಯ ಒಡೆಯನಿಗಾದರೂ ಇರುವುದು ಎರಡೇ ಕಣ್ಣು. ಉಳಿದುದನ್ನು ಅವನ ಆಳುಗಳ ಕಣ್ಣುಗಳೇ ನೋಡಬೇಕು.

ಅವಸರದ ಬೆಲೆಯನ್ನು ತೆರುವವರು ಯಾರೆಂಬುದನ್ನೂ ಯೋಚಿಸಬೇಕು. ಬಿತ್ತನೆಯ ವಾರದಲ್ಲಿ ಬೀಜ ಕೊಳ್ಳಲು ಹೊರಟವನು ತನಗೆ ಬೇಕಾದ ತಳಿಯನ್ನಲ್ಲ, ಅಂಗಡಿಯಲ್ಲಿ ಉಳಿದ ತಳಿಯನ್ನು ತರುವನು; ರಸೀತಿ ಕೇಳುವ ವ್ಯವಧಾನವೂ ಅವನಿಗಿಲ್ಲ. ಸಾಲ ತರುವವನು ಬಡ್ಡಿಯ ದರವನ್ನು ಚರ್ಚಿಸುವುದಿಲ್ಲ. ಬೇಸಗೆಯೆಲ್ಲ ನಿಂತಿದ್ದ ಎತ್ತುಗಳನ್ನು ಒಮ್ಮೆಗೇ ಬೆಳಗಿನಿಂದ ಸಂಜೆಯವರೆಗೆ ಹೂಡಿದರೆ ಹೆಗಲು ಹುಣ್ಣಾಗುವುದು. ಮೂಗು ಬಾಯಿಗಳಿಗೆ ಬಟ್ಟೆಯಿಲ್ಲದೆ, ಗಾಳಿಯ ದಿಕ್ಕನ್ನೂ ನೋಡದೆ ಔಷಧಿ ಸಿಂಪಡಿಸಿ ಆಸ್ಪತ್ರೆ ಸೇರುವವನು ಸಾಮಾನ್ಯವಾಗಿ ಕೂಲಿಯವನೇ ಹೊರತು ಒಡೆಯನಲ್ಲ. ಇನ್ನು ಆ ವಾರ ಶಾಲೆಗೆ ಬಾರದ ಮಕ್ಕಳು ಯಾರ ಮಕ್ಕಳೆಂಬುದನ್ನು ಉಪಾಧ್ಯಾಯರನ್ನು ಕೇಳಿದರೆ ತಿಳಿಯುವುದು.

ಅವಸರವೇ ಇಲ್ಲದ ಬೇಸಾಯ ಉಂಟೆಂದು ಹೇಳಬಂದವನಲ್ಲ ನಾನು. ಆಲಿಕಲ್ಲಿನ ಮಳೆ, ದನದ ಕಾಯಿಲೆ, ಒಮ್ಮೆಗೇ ಏಳುವ ಸೈನಿಕ ಹುಳುವಿನ ಹಾವಳಿ ಇವು ಹೇಳಿ ಬರತಕ್ಕವಲ್ಲ. ಆದರೆ ಎಲ್ಲ ಕೆಲಸಕ್ಕೂ ಸಮನಾಗಿ ಗಾಬರಿಪಡುವ ಮನೆಯಲ್ಲಿ ನಿಜವಾದ ಆಪತ್ತು ಬಂದಾಗ ಅದನ್ನು ಗುರುತಿಸುವವರೂ ಇರುವುದಿಲ್ಲ, ಎದುರಿಸಲು ಬಿಡುವಾದ ಕೈಗಳೂ ಇರುವುದಿಲ್ಲ. ತಿಳಿದಿರುವ ಕೆಲಸಗಳನ್ನು ಮುಂಚೆ ಮುಗಿಸಿಕೊಳ್ಳುವುದರ ಮುಖ್ಯ ಲಾಭವೆಂದರೆ, ತಿಳಿಯದೆ ಬರುವುದಕ್ಕೆ ಆಳು ಎತ್ತುಗಳು ಒದಗುವುದೇ.

ಮುನ್ನೇರ್ಪಾಡನ್ನು ಮಾಡುವ ಕ್ರಮವೇನೆಂದರೆ, ಬಿತ್ತುವ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದು. ನಾಲ್ಕು ಎಕರೆ ಖುಷ್ಕಿ ಹೊಲದಲ್ಲಿ ಪುನರ್ವಸು ಮಳೆಗೆ, ಎಂದರೆ ಜುಲೈ ೬ರ ಸುಮಾರಿಗೆ, ಕೂರಿಗೆಯಿಂದ ರಾಗಿ ಬಿತ್ತಬೇಕೆಂದು ಇಟ್ಟುಕೊಳ್ಳೋಣ. ಕೊಟ್ಟಿಗೆ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ ಮಣ್ಣಿನಲ್ಲಿ ಸೇರಿಸಬೇಕು. ಎಂದರೆ ಆರಿದ್ರೆ ಹುಟ್ಟುವ ಜೂನ್ ೨೨ರೊಳಗೆ. ಎಕರೆಗೆ ೪ ಟನ್ನಿನಂತೆ ಬೇಕಾದುದು ೧೬ ಟನ್ನು. ಎತ್ತಿನ ಗಾಡಿಗೆ ಅರ್ಧ ಟನ್ನೆಂದು ಹಿಡಿದರೆ ೩೨ ಗಾಡಿ. ದಿನಕ್ಕೆ ೫ ಗಾಡಿ ಹೊಡೆದರೂ ಏಳು ದಿನದ ಕೆಲಸ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದವನು, ಗೊಬ್ಬರವನ್ನು ಹದ ಬಂದ ಮೇಲೆ ಸಾಗಿಸೋಣವೆಂದು ಎಂದಿಗೂ ಹೇಳಲಾರನು. ಆದರೆ ಮುಂಚೆ ಸಾಗಿಸಬೇಕೆಂದು ತಿಂಗಳುಗಟ್ಟಲೆ ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆಗಳಾಗಿ ಬಿಸಿಲಿಗೆ ಬಿಡುವುದೂ ತಪ್ಪು. ಅದರಲ್ಲಿನ ಸಾರಜನಕವು ಗಾಳಿಗೆ ಹೋಗುವುದು. ಹರಡಿದ ದಿನವೇ ಉತ್ತು ಮಣ್ಣಿನಲ್ಲಿ ಬೆರೆಸತಕ್ಕದ್ದು.

ಆ ಗೊಬ್ಬರವು ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರವು ಗೆದ್ದಲನ್ನೂ ಗೊಣ್ಣೆಹುಳುವನ್ನೂ ಹೊಲಕ್ಕೆ ಕರೆತರುವುದು. ಸರ್ ಆಲ್ಬರ್ಟ್ ಹೋವರ್ಡರು ಇಂದೂರಿನಲ್ಲಿ ನಡೆಸಿ ೧೯೩೧ರಲ್ಲಿ ಪ್ರಕಟಿಸಿದ ಕಾಂಪೋಸ್ಟ್ ಕ್ರಮದಂತೆ, ಕಸಕಡ್ಡಿಗಳನ್ನೂ ಸಗಣಿಯನ್ನೂ ಪದರ ಪದರವಾಗಿ ಹಾಕಿ, ತೇವ ಕೊಟ್ಟು, ಕಾಲಕಾಲಕ್ಕೆ ತಿರುವಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದು. ಜೂನಿನಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಮಾರ್ಚ್ ತಿಂಗಳು. ಹೊಲದಲ್ಲಿ ಹಸುರೇ ಇಲ್ಲದ ಆ ದಿನಗಳಲ್ಲಿ ಪುನರ್ವಸುವಿನ ರಾಗಿಗೆ ಗುಂಡಿ ತುಂಬಬೇಕು. ಏಪ್ರಿಲ್ ಮೇ ತಿಂಗಳುಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಲ್ಲಿ ಯಾವುದು ಬಂದರೂ ಇಳಿಜಾರಿಗೆ ಅಡ್ಡಲಾಗಿ ಮಾಗಿದ ಭೂಮಿಯನ್ನು ಉತ್ತರೆ, ಮುಂದಿನ ಮಳೆಯು ಹರಿದುಹೋಗದೆ ಇಂಗುವುದು. ಕಳೆಯ ಬೇರುಗಳೂ ಹುಳುಗಳ ಕೋಶಗಳೂ ಬಿಸಿಲಿಗೆ ಬಿದ್ದು ಸಾಯುವುವು. ಇದಕ್ಕೆ ನೇಗಿಲು ಏಪ್ರಿಲ್ ಮೊದಲಲ್ಲಿಯೇ ಸಿದ್ಧವಿರಬೇಕು.

ಬೀಜದ ಮಾತು ಇನ್ನೂ ಹಿಂದಕ್ಕೆ ಹೋಗುವುದು. ಮನೆಯ ಬೀಜವನ್ನೇ ಬಿತ್ತುವವರು ಹಿಂದಿನ ಕೊಯ್ಲಿಗೆ ಮುಂಚೆಯೇ ನಿಂತ ಪೈರಿನಲ್ಲಿ ರೋಗವಿಲ್ಲದ ದಪ್ಪ ತೆನೆಗಳನ್ನು ಆರಿಸಿ ಬೇರೆ ಬಡಿದಿಟ್ಟಿರಬೇಕು. ಮೇ ತಿಂಗಳಲ್ಲಿ ೧೦೦ ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ವಾರ ಆರದಂತೆ ಇಟ್ಟು ನೋಡತಕ್ಕದ್ದು. ಪ್ರಮಾಣೀಕೃತ ರಾಗಿ ಬೀಜದಲ್ಲಿ ಕನಿಷ್ಠಪಕ್ಷ ೭೫ ಮೊಳೆಯಬೇಕೆಂದು ನಿಯಮವಿದೆ, ಬತ್ತದಲ್ಲಿ ೮೦. ನಮ್ಮ ಬೀಜವು ಇದಕ್ಕಿಂತ ಕಡಿಮೆಯಾದರೆ ಬೇರೆ ಬೀಜವನ್ನು ನಿಧಾನವಾಗಿ ವಿಚಾರಿಸಿ ತರಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲವಿರುವುದು. ನಾಲ್ಕು ಎಕರೆಗೆ ಕೂರಿಗೆ ಬಿತ್ತನೆಗೆ ಬೇಕಾದ ರಾಗಿ ಸುಮಾರು ೧೬ ಕಿಲೋಗ್ರಾಂ ಮಾತ್ರ. ಇಷ್ಟು ಸ್ವಲ್ಪ ಬೀಜವನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಿ, ಹದಿನೈದು ದಿನಗಳ ಮೇಲೆ ಸಾಲುಗಳಲ್ಲಿ ಬೋಳು ಕಂಡು, ಮತ್ತೊಂದು ಹದಕ್ಕೆ ಬಾಯಿಬಿಡುವವರನ್ನು ಪ್ರತಿವರ್ಷವೂ ಕಾಣುತ್ತೇವೆ.

ಮುಂಚಿತವಾದ ಕೆಲಸದ ಬೆಲೆಯನ್ನು ಮಲೆನಾಡಿನ ಅಡಿಕೆ ತೋಟದವರಷ್ಟು ಚೆನ್ನಾಗಿ ಬಲ್ಲವರು ವಿರಳ. ಕೊಳೆರೋಗವು ಅವರಿಗೆ ಇದನ್ನು ಕಲಿಸಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೀಲಿಸಿ ೧೯೧೦ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಿ ರೋಗವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಅದಕ್ಕೆ ಮುಂಚೆಯೂ ತೋಟದವರು ಕೈಕಟ್ಟಿ ಕುಳಿತವರಲ್ಲ. ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಎರಡು ಉಪಾಯಗಳ ತಿರುಳೂ ಒಂದೇ: ರೋಗಕ್ಕಿಂತ ಮುಂಚೆ ನಾವು ಗೊನೆಯನ್ನು ತಲುಪಬೇಕು. ಈ ಶಿಲೀಂಧ್ರವು ಮಳೆಯ ಹನಿಗಳೊಡನೆ ಸಿಡಿದು ಹರಡುವುದು. ಕಾಯಿಯ ತೊಟ್ಟಿನ ಬಳಿ ನೀರು ತೊಯ್ದಂತಹ ಕಡುಹಸುರು ಮಚ್ಚೆ ಕಂಡ ಮೇಲೆ ಆ ಕಾಯಿಯನ್ನು ಯಾವ ದ್ರಾವಣವೂ ಉಳಿಸಲಾರದು. ಉಳಿದ ಕಾಯಿಗಳನ್ನು ಕಾಪಾಡಬಹುದು, ಅಷ್ಟೇ. ಆದಕಾರಣ ಮೊದಲನೆಯ ಸಿಂಪಡಣೆಯು ಮುಂಗಾರು ಕಟ್ಟುವ ಮುನ್ನವೇ ಆಗಬೇಕು, ಎರಡನೆಯದು ೪೦-೪೫ ದಿನಗಳ ಮೇಲೆ. ಮಳೆ ಬಿಡದಿದ್ದರೆ ಮೂರನೆಯದು.

ಇದಕ್ಕೂ ಹಿಂದಕ್ಕೆ ಎಣಿಸಬೇಕು. ೧೦೦ ಲೀಟರು ದ್ರಾವಣಕ್ಕೆ ೧ ಕಿಲೋ ಮೈಲುತುತ್ತ, ೧ ಕಿಲೋ ಒಳ್ಳೆಯ ಸುಟ್ಟ ಸುಣ್ಣ. ಮೈಲುತುತ್ತವನ್ನು ಏಪ್ರಿಲ್ ತಿಂಗಳಲ್ಲಿಯೇ ತರಿಸಿಡಬಹುದು, ಅದು ಕೆಡುವುದಿಲ್ಲ. ಸುಣ್ಣವಾದರೋ ಗಾಳಿಯ ತೇವಕ್ಕೆ ಅರಳಿ ಸತ್ತ್ವಹೀನವಾಗುವುದರಿಂದ ಅದನ್ನು ಸಿಂಪಡಣೆಗೆ ಹತ್ತಿರದಲ್ಲಿ ತಂದು ಗಾಳಿಯಾಡದಂತೆ ಮುಚ್ಚಿಡಬೇಕು. ದ್ರಾವಣವನ್ನಂತೂ ಅಂದಂದೇ ಕಲಸಿ ಅಂದಂದೇ ಮುಗಿಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಚಾಕುವೊಂದನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಪಂಪು, ರಬ್ಬರಿನ ಕೊಳವೆ, ಮೂತಿಗಳನ್ನು ಬೇಸಗೆಯಲ್ಲಿ ಒಮ್ಮೆ ಬರಿಯ ನೀರು ಹಾಕಿ ನಡೆಸಿ ನೋಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮರವೇರುವ ಕೊನೆಗಾರರು ಇಂದು ಬಹಳ ಕಡಿಮೆ. ಅವರೊಡನೆ ಚೈತ್ರದಲ್ಲಿಯೇ ದಿನ ಗೊತ್ತುಮಾಡಿಕೊಂಡು ಮುಂಗಡ ಕೊಟ್ಟವರ ತೋಟಕ್ಕೆ ಅವರು ಮೇ ಕೊನೆಯಲ್ಲಿ ಬರುವರು. ಕಾಯಿ ಉದುರತೊಡಗಿದ ಮೇಲೆ ಹುಡುಕಿಕೊಂಡು ಹೋದವರ ತೋಟಕ್ಕೆ, ಬಂದಾಗ ಬಂದರು.

ಮೇಲಿನ ಸುಣ್ಣದ ಮಾತಿನಿಂದಲೇ ಇನ್ನೊಂದು ಅಂಶವು ವಿಶದವಾಗುವುದು. ಮುನ್ನೇರ್ಪಾಡೆಂದರೆ ಎಲ್ಲವನ್ನೂ ಎಷ್ಟು ಬೇಗ ಆದರೆ ಅಷ್ಟು ಬೇಗ ಮಾಡಿಹಾಕುವುದಲ್ಲ. ನೆಲಗಡಲೆಯನ್ನು ಕಾಯಿಯಲ್ಲಿಯೇ ಇಟ್ಟು, ಬಿತ್ತನೆ ಹತ್ತಿರವಾದಾಗ ಸುಲಿಯಬೇಕು. ಬಿಡುವಿದೆಯೆಂದು ಮಾರ್ಚ್ ತಿಂಗಳಲ್ಲಿ ಸುಲಿದಿಟ್ಟರೆ ಮೊಳೆಯುವ ಶಕ್ತಿ ಕುಗ್ಗುವುದು. ನಾಟಿಯ ಸಸಿಗಳೂ ಹಾಗೆಯೇ. ರಾಗಿಯ ಪೈರನ್ನು ೨೧-೨೫ ದಿನಕ್ಕೆ ಕಿತ್ತು ನೆಡಬೇಕು. ಒಟ್ಟಲಿನಲ್ಲಿ ಬಲಿತ ಪೈರು ನೆಟ್ಟ ಮೇಲೆ ಚೆನ್ನಾಗಿ ಮರಿ ಒಡೆಯುವುದಿಲ್ಲ. ಯಾವುದನ್ನು ಮುಂಚೆ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ವಿಂಗಡಿಸಿಕೊಳ್ಳುವುದೇ ಯಜಮಾನಿಕೆಯ ಕೆಲಸ.

ಇನ್ನು ಮಳೆಯೇ ಕೈಕೊಟ್ಟರೆ? ೨೦೨೩ರಲ್ಲಿ ನಮ್ಮ ರಾಜ್ಯದ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಂತಹ ವರ್ಷದಲ್ಲಿ ಯಾವ ಏರ್ಪಾಡೂ ಪೂರ್ಣ ಫಸಲನ್ನು ತಂದುಕೊಡಲಾರದು. ಆದರೂ ಎರಡನೆಯ ಏರ್ಪಾಡೊಂದನ್ನು ಮೇ ತಿಂಗಳಲ್ಲಿಯೇ ಬರೆದಿಟ್ಟವನಿಗೂ, ಆಶ್ಲೇಷ ಕಳೆದ ಮೇಲೆ ಏನು ಮಾಡಲೆಂದು ಕೇಳಿಕೊಂಡು ಬರುವವನಿಗೂ ವ್ಯತ್ಯಾಸವುಂಟು. ಜುಲೈಯೊಳಗೆ ಹದವಾದರೆ ಇಂಡಾಫ್ ೮, ಎಂ.ಆರ್. ೧ ಮುಂತಾದ ದೀರ್ಘಾವಧಿಯ ರಾಗಿ. ಆಗಸ್ಟ್ ನಡುವಿನವರೆಗೆ ತಡವಾದರೆ ಜಿ.ಪಿ.ಯು. ೨೮, ಅದೂ ಮೀರಿದರೆ ನೂರು ದಿನದೊಳಗೆ ಬರುವ ಇಂಡಾಫ್ ೯ ಅಥವಾ ಜಿ.ಪಿ.ಯು. ೪೮, ಅದಕ್ಕೂ ಮಳೆಯಾಗದಿದ್ದರೆ ಹುರುಳಿ. ಬೆಂಗಳೂರು ಸೀಮೆಯಲ್ಲಿ ವರ್ಷದ ಅತಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿಯಾದುದರಿಂದ, ತಡವಾದ ಬಿತ್ತನೆಯೆಲ್ಲವೂ ವ್ಯರ್ಥವೆಂದು ಕೈಬಿಡಬೇಕಾಗಿಲ್ಲ. ಅಲ್ಪಾವಧಿಯ ಬೀಜ ಒಂದು ಚೀಲವೂ ಹುರುಳಿ ಒಂದು ಚೀಲವೂ ಮನೆಯಲ್ಲಿದ್ದರೆ, ಮೋಡ ನೋಡುತ್ತ ಕುಳಿತವನ ಎದೆ ಅಷ್ಟಾಗಿ ಹೊಡೆದುಕೊಳ್ಳುವುದಿಲ್ಲ.

ಇದನ್ನೆಲ್ಲ ಒಬ್ಬ ಯಜಮಾನನು ತನ್ನ ತಲೆಯಲ್ಲಿಯೇ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಸೋಮವಾರ ಬಸವನ ದಿನವೆಂದು ನಮ್ಮಲ್ಲಿ ಅನೇಕರು ಎತ್ತು ಹೂಡುವುದಿಲ್ಲ. ಈ ಸಂಪ್ರದಾಯವು ಮುನ್ನೇರ್ಪಾಡಿಗೆ ಹೇಳಿಮಾಡಿಸಿದಂತಿದೆ. ಆ ದಿನ ಬೆಳಗ್ಗೆ ಅರ್ಧ ಗಂಟೆ ಮನೆಯವರನ್ನೂ ಆಳುಗಳನ್ನೂ ಜಗಲಿಯಲ್ಲಿ ಕೂಡಿಸಿಕೊಂಡು, ಮುಂದಿನ ಎರಡು ವಾರಗಳಲ್ಲಿ ಆಗಬೇಕಾದುದೇನು, ಯಾರು ಮಾಡತಕ್ಕವರು, ಎಂದಿನೊಳಗೆ ಎಂಬ ಮೂರನ್ನು ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಹೆಂಗಸರನ್ನು ಮರೆಯಬಾರದು, ಬೀಜದ ಮಡಕೆಗೆ ಹುಳು ಬಿದ್ದುದು ಮೊದಲು ತಿಳಿಯುವುದು ಅವರಿಗೇ. ಮಾತಿನ ಆರಂಭವನ್ನು ಯಜಮಾನನು ಮಾಡದೆ, ಕೊಟ್ಟಿಗೆಯವನಿಂದ ಹಿಡಿದು ಒಬ್ಬೊಬ್ಬರೂ ತಮ್ಮ ಕಣ್ಣಿಗೆ ಬಿದ್ದ ಕೊರತೆಯನ್ನು ಹೇಳುವಂತಾಗಬೇಕು. ಹೇಳಿದುದರಲ್ಲಿ ಒಂದನ್ನಾದರೂ ಆ ವಾರದೊಳಗೆ ಸರಿಪಡಿಸಿ ತೋರಿಸಬೇಕು. ಇಲ್ಲದಿದ್ದರೆ ಮೂರನೆಯ ಸೋಮವಾರ ಯಾರೂ ಬಾಯಿ ತೆರೆಯರು. ಮಿಣಿ, ಮೊಳೆ, ಬೋಲ್ಟುಗಳಂತಹ ಚಿಲ್ಲರೆ ಸಾಮಾನಿಗೆ ಯಜಮಾನನ ಅಪ್ಪಣೆಗೆ ಕಾಯದೆ ಖರ್ಚುಮಾಡಲು ಮೇಸ್ತ್ರಿಯ ಕೈಯಲ್ಲಿ ಸ್ವಲ್ಪ ಹಣವಿರತಕ್ಕದ್ದು. ಸುಗ್ಗಿ ಮುಗಿದ ವಾರ, ಈ ಸಾಲಿನಲ್ಲಿ ಯಾವ ಯಾವ ಮುಟ್ಟು ಮುರಿಯಿತು, ಯಾವುದಕ್ಕೆ ಪರದಾಡಿದೆವು ಎಂಬುದನ್ನು ನೆನಪು ಆರುವ ಮುನ್ನವೇ ಅದೇ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ಪಟ್ಟಿಯ ಅರ್ಧಭಾಗವು ಸಿದ್ಧವಾದಂತೆಯೇ.

ಗ್ರಾಮದ ಮುಖಂಡರ ಹೊಣೆಯು ಇದಕ್ಕಿಂತ ದೊಡ್ಡದು; ಏಕೆಂದರೆ ಕೆಲವು ಅವಸರಗಳನ್ನು ಒಂದು ಮನೆಯವರು ತಪ್ಪಿಸಲಾರರು. ಕೆರೆಯಂಗಳದಲ್ಲಿ ಎಲ್ಲರೂ ಒಂದೇ ದಿನ ಒಟ್ಟಲು ಹಾಕಿದರೆ ನಾಟಿಯೂ ಒಂದೇ ವಾರ ಬರುವುದು. ಆ ವಾರ ನೀರಿಗೂ ಜಗಳ, ನಾಟಿಯ ಹೆಂಗಸರಿಗೂ ಜಗಳ. ಒಟ್ಟಲನ್ನು ವಾರಕ್ಕೊಂದರಂತೆ ಮೂರು ಕಂತಿನಲ್ಲಿ ಹಾಕುವುದೆಂದು ಊರಿನವರು ಒಪ್ಪಿಕೊಂಡರೆ ಅದೇ ಜನ ಮುಯ್ಯಾಳಿನ ಮೇಲೆ ಮೂರು ಗುಂಪಿನ ಗದ್ದೆಗಳನ್ನೂ ಮುಗಿಸಿಕೊಡಬಲ್ಲರು. ೨೦೧೪ರಿಂದ ನಡೆದುಬಂದಿರುವ ಕೃಷಿ ಯಂತ್ರಧಾರೆ ಕೇಂದ್ರಗಳ ಯಂತ್ರಗಳಿಗೂ ಹೀಗೆಯೇ ಸರದಿಯನ್ನು ಮುಂಚೆ ಗೊತ್ತುಮಾಡಿಕೊಳ್ಳಬೇಕು. ಗಳಲೆ ರೋಗ, ಚಪ್ಪೆ ರೋಗಗಳ ಚುಚ್ಚುಮದ್ದು ದನಗಳಿಗೆ ಮೈಗೂಡಲು ಎರಡು ಮೂರು ವಾರ ಬೇಕಾದುದರಿಂದ ಮೇ ತಿಂಗಳಲ್ಲಿಯೇ ಊರಿನ ದನಗಳನ್ನೆಲ್ಲ ಒಂದೆಡೆ ಕೂಡಿಸಿ ಹಾಕಿಸುವ ದಿನವನ್ನು ಪಶುವೈದ್ಯರೊಡನೆ ನಿಷ್ಕರ್ಷಿಸಬೇಕು. ಯುಗಾದಿಯ ಪಂಚಾಂಗ ಶ್ರವಣಕ್ಕೆ ಊರೆಲ್ಲ ದೇವಸ್ಥಾನದಲ್ಲಿ ಸೇರುವುದಷ್ಟೆ. ಮಳೆ ನಕ್ಷತ್ರಗಳ ಫಲವನ್ನು ಕೇಳಿ ಆದ ಮೇಲೆ, ಆಯಾ ನಕ್ಷತ್ರಕ್ಕೆ ಊರಿನಲ್ಲಿ ಆಗಬೇಕಾದ ಕೆಲಸವೇನೆಂಬುದನ್ನೂ ಅಲ್ಲಿಯೇ ಓದಿ ಹೇಳಿದರೆ, ಅದಕ್ಕಾಗಿ ಬೇರೊಂದು ಸಭೆಯನ್ನು ಕರೆಯಬೇಕಾಗಿಲ್ಲ.

ಈ ಸಂಚಿಕೆಯು ತಮ್ಮ ಕೈ ಸೇರುವ ಹೊತ್ತಿಗೆ ಸುಗ್ಗಿ ಮುಗಿದು ಹೊಲಗಳು ಬರಿದಾಗಿರುವುವು. ಕೆರೆಗಳಲ್ಲಿ ನೀರು ತಗ್ಗುತ್ತಿರುವುದು. ತೂಬಿನ ಬಾಗಿಲು, ಕೋಡಿಯ ಕಲ್ಲುಕಟ್ಟು, ನೀರು ತರುವ ಕಾಲುವೆಗಳು ಇವುಗಳನ್ನು ನೀರುಗಂಟಿಯೊಡನೆ ನಡೆದು ನೋಡಲು ಇದೇ ಕಾಲ. ಹೊಲದ ಮಣ್ಣಿನ ಮಾದರಿಯನ್ನು ತೆಗೆಯಲೂ ಇದೇ ಕಾಲ. ಬದುವಿನ ಅಂಚು, ಮರದ ನೆರಳು, ಗೊಬ್ಬರದ ಗುಡ್ಡೆಯಿದ್ದ ಜಾಗಗಳನ್ನು ಬಿಟ್ಟು, ಅಂಕುಡೊಂಕಾಗಿ ಹತ್ತು ಹದಿನೈದು ಕಡೆ ಆರು ಅಂಗುಲ ಆಳದವರೆಗೆ ಗುದ್ದಲಿಯಿಂದ ಕತ್ತರಿಸಿ ಪಕ್ಕದ ಮಣ್ಣನ್ನು ಕೆರೆದು ತೆಗೆದು, ಎಲ್ಲವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋವನ್ನು ಶುಭ್ರವಾದ ಬಟ್ಟೆಯ ಚೀಲದಲ್ಲಿ ಕಟ್ಟತಕ್ಕದ್ದು. ತಮ್ಮ ಹೆಸರು, ಗ್ರಾಮ, ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಹಾಕಬೇಕೆಂದಿರುವ ಬೆಳೆ ಇಷ್ಟನ್ನೂ ಚೀಟಿಯಲ್ಲಿ ಬರೆದು ಚೀಲದೊಳಗಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಯುಗಾದಿಯೊಳಗೆ ತಲುಪಿಸಿದರೆ, ಗೊಬ್ಬರ ಕೊಳ್ಳುವ ಕಾಲಕ್ಕೆ ಪರೀಕ್ಷೆಯ ಫಲಿತಾಂಶವನ್ನು ಕೈಯಲ್ಲಿ ಹಿಡಿದೇ ಮಳಿಗೆಗೆ ಹೋಗಬಹುದು.